ಕಿಟಕಿ ಗೋಡೆ ಕಡೆಗಿತ್ತು

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾತಾಡಿದ್ದು ಇದು. ಮೊಬೈಲಿನಲ್ಲಿ ಯಾರೋ ರೆಕಾರ್ಡ್ ಮಾಡಿದ್ದರು, ಅದನ್ನು ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಮೈಕ್ ಕೈಕೊಟ್ಟದ್ದು, ನಾನು ಎರಡೆರಡು ಸಲ ಹೇಳಿದ್ದು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಜಾಗದಲ್ಲಿ ದಾಸರ ಪದ ಹಾಡಿದರು. ಈ ತಿಂಗಳು ಟ್ರಾನ್ಸ್‌ಫಾರ್ಮರ್, ಅದರ ಮೇಲೆ ಕೂತು ಒಳಗಿನ ರೋಗ ಹೇಳುವ ಒಂದು ಪೆಟ್ಟಿಗೆ. ಇಳಿತ ಸ್ವಲ್ಪ ಜಾಸ್ತಿನೇ ಆಯ್ತು. ಉಪ್ಪಿಟ್ಟು ತಿಂದು ಕೂತಿದ್ದೀರಿ, ನಿದ್ದೆ ಬಂದರೆ ಮಾಡಿ, ನನಗೆ ಬೇಜಾರಿಲ್ಲ.

ನಮ್ಮೂರ ಕಡೆ ಇದಕ್ಕೆ ಟಿಸಿ ಅನ್ನುತ್ತೇವೆ. 'ಟಿಸಿ ಸುಟ್ಟೈತಿ, ಪಂಪ್‌ಸೆಟ್ ಬಂದ್' ಅಂದರೆ ಇಡೀ ಊರಿಗೆ ಅರ್ಥ ಆಗುತ್ತದೆ. ಪುಣೆಗೆ ಬಂದ ಮೇಲೆ ಅದೇ ಡಬ್ಬಿ ಡಿಪಿ ಆಯ್ತು. ಹೆಸರು ಯಾವುದಾದರೂ ಒಳಗೆ ಇರುವುದು ಅದೇ: ಕಬ್ಬಿಣದ ತಗಡಿನ ಕೋರ್, ಅದರ ಸುತ್ತ ಕಾಗದ ಸುತ್ತಿದ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿ, ಆಮೇಲೆ ಎಣ್ಣೆ. ಅಲುಗಾಡುವ ಭಾಗ ಒಂದೂ ಇಲ್ಲ. ಅದಕ್ಕೇ ನಾವು ಅದನ್ನು ಮರೆತುಬಿಡುತ್ತೇವೆ.

ಕನ್ನಡಿಗರಿಗೆ ಇದರ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಒಯ್ದರು. ವೋಲ್ಟೇಜ್ ಏರಿಸದೆ ಅಷ್ಟು ದೂರ ಒಯ್ದರೆ ಬಹುಪಾಲು ಕರೆಂಟ್ ತಂತಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಏರಿಸಿ ಇಳಿಸಿದ್ದು ಟ್ರಾನ್ಸ್‌ಫಾರ್ಮರ್. ಇಲ್ಲಿ ನಮ್ಮ ಘಾಟಿನ ಕೆಳಗಿನ ಖೋಪೋಲಿಯಿಂದ ಮುಂಬೈ ಗಿರಣಿಗಳಿಗೆ ಕರೆಂಟ್ ಹೋದದ್ದು 1915ರಲ್ಲಿ. ಅಂದರೆ ನಾವು ಮೊದಲು. ಇದನ್ನು ಭೋಸರಿಯ ಮರಾಠಿ ಗೆಳೆಯರ ಮುಂದೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇರಲಿ. ಎಣ್ಣೆ ಯಾಕೆ? ಎರಡು ಕೆಲಸಕ್ಕೆ. ತಂತಿಯ ಬಿಸಿಯನ್ನು ಹೊರಗೆ ಒಯ್ಯಬೇಕು, ತಂತಿ ತಂತಿ ನಡುವೆ ಕಿಡಿ ಹಾರದಂತೆ ತಡೆಯಬೇಕು. ಎಣ್ಣೆಗೆ ಇಬ್ಬರು ಶತ್ರುಗಳು. ಒಂದು ತೇವ, ಇನ್ನೊಂದು ಗಾಳಿ. ತೇವ ಸೇರಿದರೆ ಕಿಡಿ ತಡೆಯುವ ಶಕ್ತಿ ಕುಸಿಯುತ್ತದೆ. ಗಾಳಿಯ ಆಮ್ಲಜನಕ ಸೇರಿದರೆ ಎಣ್ಣೆ ಹುಳಿಯಾಗಿ ತಳದಲ್ಲಿ ಗಸಿ ಕೂರುತ್ತದೆ. ಇಲ್ಲಿರುವ ತಾಯಂದಿರಿಗೆ ಇದನ್ನು ನಾನು ಹೇಳಬೇಕಾ? ಮಾವಿನಕಾಯಿ ಉಪ್ಪಿನಕಾಯಿ ಭರಣಿಯಲ್ಲಿ ಹೋಳು ಮುಳುಗುವಷ್ಟು ಎಣ್ಣೆ ನಿಲ್ಲಿಸುತ್ತೀರಿ, ಬಾಯಿಗೆ ಬಟ್ಟೆ ಕಟ್ಟುತ್ತೀರಿ, ಒದ್ದೆ ಚಮಚ ಹಾಕಿದವರಿಗೆ ಬೈಯುತ್ತೀರಿ. ನನ್ನ ಮೂವತ್ತು ವರ್ಷದ ನೌಕರಿಯೂ ಹೆಚ್ಚುಕಡಿಮೆ ಅದೇ.

ಆದರೆ ಭರಣಿಗಿಲ್ಲದ ಒಂದು ತೊಂದರೆ ಟ್ರಾನ್ಸ್‌ಫಾರ್ಮರಿಗೆ ಇದೆ. ಅದರ ಎಣ್ಣೆ ದಿನಾ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಲೆಕ್ಕ ಮಾಡೋಣ. ಸಾವಿರ ಲೀಟರ್ ಎಣ್ಣೆ ಇದೆ ಅಂದುಕೊಳ್ಳಿ. ಒಂದು ಡಿಗ್ರಿ ಬಿಸಿಯಾದರೆ ಎಣ್ಣೆ ಹತ್ತು ಸಾವಿರಕ್ಕೆ ಸುಮಾರು ಏಳೂವರೆ ಪಾಲು ಹಿಗ್ಗುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿಯಿಂದ ಪೂರ್ತಿ ಲೋಡಿನ 75 ಡಿಗ್ರಿಗೆ ಹೋದರೆ 60 ಡಿಗ್ರಿ ಅಂತರ. ಗುಣಿಸಿ. 45 ಲೀಟರ್. ಮನೆಗೆ ತರಿಸುವ ನೀರಿನ ಕ್ಯಾನ್ ಎರಡಕ್ಕಿಂತ ಜಾಸ್ತಿ. ಇದು ಎಲ್ಲಿಗೆ ಹೋಗಬೇಕು?

ಹಳೆಯ ಉತ್ತರ: ತಲೆಯ ಮೇಲೆ ಒಂದು ಸಣ್ಣ ಪೀಪಾಯಿ. ಅದಕ್ಕೆ ಕನ್ಸರ್ವೇಟರ್ ಅನ್ನುತ್ತೇವೆ. ಹಿಗ್ಗಿದ ಎಣ್ಣೆ ಪೈಪಿನಲ್ಲಿ ಅಲ್ಲಿಗೆ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಇಳಿದಾಗ ಹೊರಗಿನ ಗಾಳಿ ಒಳಗೆ ಬರುತ್ತದೆ. ಆ ಗಾಳಿಯ ತೇವ ಹೀರಲು ಬ್ರೀದರ್, ಅದರೊಳಗೆ ಸಿಲಿಕಾ ಜೆಲ್ ಹರಳು. ಒಣಗಿದ್ದರೆ ನೀಲಿ, ತೇವ ಕುಡಿದರೆ ಗುಲಾಬಿ. ಈಗ ಕಿತ್ತಳೆ ಬಣ್ಣದ ಹರಳೂ ಬಂದಿದೆ. ಏನೂ ಗೊತ್ತಿಲ್ಲದ ಹುಡುಗನೂ ಬಣ್ಣ ನೋಡಿ ಹೇಳಬಹುದು.

ಟ್ಯಾಂಕಿಗೂ ಪೀಪಾಯಿಗೂ ನಡುವಿನ ಆ ಪೈಪಿನಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ. ಬುಕೋಲ್ಜ್ ರಿಲೇ. ಜರ್ಮನಿಯ ಮ್ಯಾಕ್ಸ್ ಬುಕೋಲ್ಜ್ 1921ರಲ್ಲಿ ಕಂಡುಹಿಡಿದದ್ದು. ನೂರು ವರ್ಷ ದಾಟಿದೆ, ಇವತ್ತಿಗೂ ಅದೇ ನಡೆಯುತ್ತಿದೆ. ಅವನ ಯೋಚನೆ ಬಹಳ ಸರಳ. ಒಳಗೆ ಎಲ್ಲಿ ಕಿಡಿ ಹಾರಿದರೂ, ಎಲ್ಲಿ ಅತಿ ಬಿಸಿಯಾದರೂ ಎಣ್ಣೆ ಒಡೆದು ಗ್ಯಾಸ್ ಆಗುತ್ತದೆ. ಗ್ಯಾಸ್ ಮೇಲಕ್ಕೇ ಹೋಗಬೇಕು. ಹೋಗುವ ದಾರಿ ಒಂದೇ. ಆ ದಾರಿಯಲ್ಲಿ ಒಂದು ತೇಲುವ ಗುಂಡು ಇಟ್ಟರೆ ಮುಗಿಯಿತು. ಗ್ಯಾಸ್ ತುಂಬಿದಂತೆ ಎಣ್ಣೆ ಇಳಿಯುತ್ತದೆ, ಗುಂಡು ಇಳಿಯುತ್ತದೆ, ಗಂಟೆ ಬಾರಿಸುತ್ತದೆ. ದೊಡ್ಡ ಫಾಲ್ಟ್ ಆಗಿ ಎಣ್ಣೆ ಒಮ್ಮೆಲೇ ನುಗ್ಗಿದರೆ ಇನ್ನೊಂದು ರೆಕ್ಕೆ ತಳ್ಳಿಸಿಕೊಂಡು ಬ್ರೇಕರ್, ಅಂದರೆ ಕರೆಂಟ್ ಕಡಿಯುವ ದೊಡ್ಡ ಸ್ವಿಚ್, ಬೀಳಿಸುತ್ತದೆ.

ಈಗ ಹೊಸ ಉತ್ತರಕ್ಕೆ ಬರೋಣ. ಸೀಲ್ ಮಾಡಿದ ಟ್ರಾನ್ಸ್‌ಫಾರ್ಮರ್. ಪೀಪಾಯಿ ಇಲ್ಲ, ಬ್ರೀದರ್ ಇಲ್ಲ. ಕಾರ್ಖಾನೆಯಲ್ಲೇ ನಿರ್ವಾತ ಮಾಡಿ ಕತ್ತಿನ ತನಕ ಎಣ್ಣೆ ತುಂಬಿ ಮುಚ್ಚಿಬಿಡುತ್ತಾರೆ. ಹಾಗಾದರೆ ಆ 45 ಲೀಟರ್? ಟ್ಯಾಂಕಿನ ಪಕ್ಕದ ಗೋಡೆಗಳನ್ನು ನೋಡಿ. ತೆಳು ತಗಡನ್ನು ಸೀರೆ ನೆರಿಗೆ ಹಿಡಿದ ಹಾಗೆ ಮಡಚಿರುತ್ತಾರೆ. ಎಣ್ಣೆ ಹಿಗ್ಗಿದಾಗ ಆ ನೆರಿಗೆ ಉಬ್ಬುತ್ತದೆ, ತಣ್ಣಗಾದಾಗ ಹಿಂದೆ ಸರಿಯುತ್ತದೆ. ಬಿಸಿ ಹೊರಗೆ ಬಿಡುವುದೂ ಅದೇ. ನನಗೆ ಈ ಉಪಾಯ ಬಹಳ ಇಷ್ಟ. ಗಾಳಿ ಇಲ್ಲ, ತೇವ ಇಲ್ಲ, ಎಣ್ಣೆ ವರ್ಷಗಟ್ಟಲೆ ಹೊಸದರ ಹಾಗೇ ಇರುತ್ತದೆ. ನಮ್ಮ ಚಾಕಣ್, ಪಿಂಪ್ರಿ ಕಾರ್ಖಾನೆಗಳ ಅಂಗಳದಲ್ಲಿ, ದೊಡ್ಡ ಸೊಸೈಟಿಗಳ ಕಾಂಪೌಂಡಿನಲ್ಲಿ ಇಂಥವನ್ನು ನೋಡಿರುತ್ತೀರಿ.

ಆದರೆ ಪೀಪಾಯಿ ಹೋದ ಮೇಲೆ ಪೈಪೂ ಹೋಯಿತು. ಪೈಪ್ ಹೋದ ಮೇಲೆ ಬುಕೋಲ್ಜ್ ಕೂರುವುದೆಲ್ಲಿ? ಹರಳಿನ ಬಣ್ಣವೂ ಇಲ್ಲ. ಹೊರಗಿನಿಂದ ನೋಡಿದರೆ ಬೂದು ಬಣ್ಣದ ಮೂಕ ಡಬ್ಬಿ. ಒಳಗೆ ಏನಾಗುತ್ತಿದೆ ಅಂತ ಹೇಳಲು ಅದಕ್ಕೆ ಬಾಯಿಯೇ ಇಲ್ಲ.

ಅದಕ್ಕೆ ಬಾಯಿ ಕೊಡುವುದೇ ನಾನು ಇವತ್ತು ಹೇಳಬೇಕೆಂದಿರುವ ಪೆಟ್ಟಿಗೆ. ಫೀಲ್ಡಿನಲ್ಲಿ ಡಿಜಿಪಿಟಿ-2 ಅನ್ನುತ್ತಾರೆ. ಫ್ರೆಂಚ್ ಹೆಸರು. ಗ್ಯಾಸ್, ಪ್ರೆಶರ್, ಎರಡು ಹಂತದ ಟೆಂಪರೇಚರ್ ಹಿಡಿಯುವುದು ಅಂತ ಅರ್ಥ. ಬೇರೆ ಕಂಪನಿಗಳು ಬೇರೆ ಹೆಸರಿಡುತ್ತವೆ, ಕೆಲಸ ಒಂದೇ. ಸಕ್ಕರೆ ಡಬ್ಬಿಯಷ್ಟು ದೊಡ್ಡದು. ಟ್ಯಾಂಕಿನ ಮುಚ್ಚಳದ ಮೇಲೆ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಕೂರುತ್ತದೆ. ಮೈ ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಎಣ್ಣೆ ತುಂಬಿರುತ್ತದೆ, ಗುಂಡು ತೇಲುತ್ತಿರುತ್ತದೆ. ಒಂದು ಡಯಲ್ ಟೆಂಪರೇಚರ್ ತೋರಿಸುತ್ತದೆ. ಮೇಲೆ ಗಾಳಿ ಬಿಡುವ ಸಣ್ಣ ಕಾಕ್.

ಟೆಂಪರೇಚರ್ ಎಲ್ಲರಿಗೂ ಅರ್ಥವಾಗುತ್ತದೆ, ಬೇಗ ಮುಗಿಸುತ್ತೇನೆ. ಸಾಮಾನ್ಯವಾಗಿ 90 ಡಿಗ್ರಿಗೆ ಅಲಾರಂ, 100ಕ್ಕೆ ಟ್ರಿಪ್, ಅಂದರೆ ಬ್ರೇಕರ್ ಬೀಳಿಸುವುದು, ಅಂತ ಇಡುತ್ತಾರೆ. ತಯಾರಿಸಿದವರು ಬೇರೆ ಅಂಕಿ ಹೇಳಿದ್ದರೆ ಅದೇ ಅಂತಿಮ. ನೆನಪಿಡಿ, ಡಯಲ್ ತೋರಿಸುವುದು ಮೇಲಿನ ಎಣ್ಣೆಯ ಬಿಸಿ. ತಂತಿಯ ಅತಿ ಬಿಸಿ ಜಾಗ ಅದಕ್ಕಿಂತ ಇನ್ನೂ ಬಿಸಿ ಇರುತ್ತದೆ. ಸಾದಾ ಕಾಗದಕ್ಕೆ ಆ ಜಾಗದಲ್ಲಿ 98 ಡಿಗ್ರಿ ಅಂದರೆ ಮಾಮೂಲಿ ಆಯುಸ್ಸು. ಅಲ್ಲಿಂದ ಪ್ರತಿ 6 ಡಿಗ್ರಿಗೆ ಸವೆಯುವ ವೇಗ ದುಪ್ಪಟ್ಟು. 110 ಡಿಗ್ರಿಯಲ್ಲಿ ಓಡಿಸಿದರೆ ನಾಲ್ಕು ಪಟ್ಟು ಬೇಗ ಮುದಿಯಾಗುತ್ತದೆ. ಎಣ್ಣೆ ಬದಲಾಯಿಸಬಹುದು. ಕಾಗದ ಬದಲಾಯಿಸಬೇಕೆಂದರೆ ತಂತಿಯನ್ನೇ ಹೊಸದಾಗಿ ಸುತ್ತಬೇಕು.

ಪ್ರೆಶರ್ ಸ್ವಿಚ್. ಸಾಮಾನ್ಯವಾಗಿ 200 ಮಿಲಿಬಾರ್ ಆಸುಪಾಸಿಗೆ ಇಟ್ಟಿರುತ್ತಾರೆ. ಈಜುವಾಗ ಎರಡು ಮೀಟರ್ ಕೆಳಗೆ ಮುಳುಗಿದರೆ ಕಿವಿಗೆ ಒತ್ತುತ್ತದಲ್ಲ, ಅಷ್ಟು. ನೆರಿಗೆ ತಗಡು ದಿನದ ಹಿಗ್ಗನ್ನು ನುಂಗಿಕೊಳ್ಳುವುದರಿಂದ ಮಾಮೂಲಿ ದಿನ ಅಷ್ಟು ಏರಬಾರದು. ಏರಿತು ಅಂದರೆ ಒಳಗೆ ಏನೋ ಗ್ಯಾಸ್ ಹುಟ್ಟಿಸುತ್ತಿದೆ, ಇಲ್ಲವೇ ಲೋಡ್ ಮಿತಿಮೀರಿದೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು, ಮಾರುವವರು ಹೇಳುವುದಿಲ್ಲ. ಒಳಗೆ ದೊಡ್ಡ ಶಾರ್ಟ್ ಆದರೆ ಈ ಸ್ವಿಚ್ ಟ್ಯಾಂಕನ್ನು ಉಳಿಸುವುದಿಲ್ಲ. ಒತ್ತಡ ಏರುವುದು ಮಿಲಿಸೆಕೆಂಡುಗಳಲ್ಲಿ. ಸ್ವಿಚ್ ತಿಳಿಸಿ, ಬ್ರೇಕರ್ ಬೀಳಿಸುವ ಟ್ರಿಪ್ ಕಾಯಿಲ್ ಎಳೆದು, ಬ್ರೇಕರ್ ಬಿಡಿಸಿಕೊಳ್ಳುವಷ್ಟರಲ್ಲಿ 60, 80 ಮಿಲಿಸೆಕೆಂಡ್ ಕಳೆದಿರುತ್ತದೆ. ಎಚ್‌ಟಿ, ಅಂದರೆ ಹೆಚ್ಚು ವೋಲ್ಟೇಜಿನ ಕಡೆಯ, ಒಳ್ಳೆಯ ಫ್ಯೂಸ್ ಅಂಥ ಕರೆಂಟನ್ನು 10 ಮಿಲಿಸೆಕೆಂಡ್ ಒಳಗೆ ಕಡಿದುಬಿಡುತ್ತದೆ. ಆದ್ದರಿಂದ ಪೆಟ್ಟಿಗೆ ಇದೆ ಅಂತ ಫ್ಯೂಸ್ ಬಿಟ್ಟುಬಿಡಬೇಡಿ. ಪೆಟ್ಟಿಗೆ ಇರುವುದು ನಿಧಾನಕ್ಕೆ ಬೆಳೆಯುವ ರೋಗಕ್ಕೆ.

ನಿಧಾನದ ರೋಗದ ಗುರುತು ಗ್ಯಾಸ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಎಣ್ಣೆ ಸುಮ್ನೆ ಒಡೆಯುವುದಿಲ್ಲ. ಎಷ್ಟು ಬಿಸಿಗೆ ಒಡೆಯಿತೋ ಅದಕ್ಕೆ ತಕ್ಕ ಗ್ಯಾಸ್ ಬಿಡುತ್ತದೆ. ಸಣ್ಣ ಸಣ್ಣ ಡಿಸ್ಚಾರ್ಜ್, ಅಂದರೆ ಪೂರ್ತಿ ಕಿಡಿಯಾಗದ ವಿದ್ಯುತ್ ಸೋರಿಕೆ, ಆದರೆ ಹೈಡ್ರೋಜನ್. ಲೂಸ್ ಜಾಯಿಂಟ್ ಕಾದರೆ ಎಥಿಲೀನ್. ನಿಜವಾದ ಕಿಡಿ, ಆರ್ಕ್ ಆದರೆ ಅಸಿಟಿಲೀನ್. ಹೌದು, ವೆಲ್ಡಿಂಗ್ ಸಿಲಿಂಡರಿನದೇ. ಕಾಗದ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್. ಲ್ಯಾಬಿಗೆ ಎಣ್ಣೆ ಕಳಿಸಿದರೆ ಯಾವುದು ಎಷ್ಟು ಅಂತ ಬರೆದುಕೊಡುತ್ತಾರೆ, ರಕ್ತ ಪರೀಕ್ಷೆಯ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಹುಟ್ಟಿದ ಗ್ಯಾಸ್ ತಕ್ಷಣ ಗುಳ್ಳೆಯಾಗುವುದಿಲ್ಲ. ಎಣ್ಣೆ ಮೊದಲು ಅದನ್ನು ಕರಗಿಸಿಕೊಳ್ಳುತ್ತದೆ. ಸಾದಾ ಗಾಳಿಯನ್ನೇ ಎಣ್ಣೆ ತನ್ನ ಗಾತ್ರದ ಹತ್ತನೇ ಒಂದು ಪಾಲು ಕುಡಿಯಬಲ್ಲದು. ಅಂದರೆ ಸಣ್ಣ ಕಾಯಿಲೆಯಲ್ಲಿ ಎಣ್ಣೆಯ ಹೊಟ್ಟೆ ತುಂಬಿದ ಮೇಲಷ್ಟೇ ಪೆಟ್ಟಿಗೆಯ ತುದಿಯಲ್ಲಿ ಗುಳ್ಳೆ ಕಾಣುತ್ತದೆ. ಗುಳ್ಳೆ ಕಂಡಿತು ಅಂದರೆ ಒಳಗೆ ಆಗಲೇ ಬಹಳ ದಿನದಿಂದ ಏನೋ ನಡೆದಿದೆ ಅಂತ ಅರ್ಥ. ಇದಕ್ಕೆ ಒಂದು ಅಪವಾದ. ಹೊಸದಾಗಿ ಕೂರಿಸಿದ ಮೊದಲ ದಿನಗಳಲ್ಲಿ ಮೂಲೆಯಲ್ಲಿ ಸಿಕ್ಕಿಕೊಂಡ ಗಾಳಿ ಮೇಲೆ ಬರುತ್ತದೆ. ಅದು ರೋಗವಲ್ಲ. ಶಟ್‌ಡೌನ್ ತೆಗೆದುಕೊಂಡು ಕಾಕ್ ತೆರೆದು ಬಿಡಬೇಕು, ಎಣ್ಣೆ ಕಡಿಮೆಯಾಗಿದ್ದರೆ ತುಂಬಬೇಕು. ಮತ್ತೆ ಮತ್ತೆ ಬಂದರೆ ಗಾಳಿ ಅಂತ ಸಮಾಧಾನ ಮಾಡಿಕೊಳ್ಳಬಾರದು. ನಮ್ಮ ಕಾಲದಲ್ಲಿ ಹಿರಿಯ ಫಿಟ್ಟರುಗಳು ಕಾಕಿನ ಮುಂದೆ ಬೆಂಕಿಕಡ್ಡಿ ಗೀರಿ ನೋಡುತ್ತಿದ್ದರು. ಹತ್ತಿಕೊಂಡರೆ ಫಾಲ್ಟ್, ಇಲ್ಲದಿದ್ದರೆ ಗಾಳಿ. ದಯವಿಟ್ಟು ಯಾರೂ ಮಾಡಬೇಡಿ. ಅವರ ಹುಬ್ಬು ಯಾಕೆ ಅಷ್ಟು ತೆಳು ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಎಣ್ಣೆ ಸೋರಿದರೂ ಅದೇ ಗುಂಡು ಇಳಿಯುತ್ತದೆ. ಒಂದೇ ಗುಂಡು, ಎರಡು ಸುದ್ದಿ. ಕೆಳಗೆ ಎಣ್ಣೆಯ ಕಲೆ ಇದೆಯಾ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ನಮ್ಮ ದೇಶದ ಸುರಕ್ಷತಾ ನಿಯಮ 1000 ಕೆವಿಎ ಸಾಮರ್ಥ್ಯದ ಮತ್ತು ಅದಕ್ಕಿಂತ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಗ್ಯಾಸ್ ಒತ್ತಡದ ರಕ್ಷಣೆ ಬೇಕೇ ಬೇಕು, ಅದು ಅಲಾರಂ ಕೊಡಬೇಕು, ಟ್ರಿಪ್ಪೂ ಮಾಡಬೇಕು ಅನ್ನುತ್ತದೆ. ಅದಕ್ಕೇ ಎಲ್ಲರೂ ಪೆಟ್ಟಿಗೆ ಕೊಳ್ಳುತ್ತಾರೆ. ಕೊಂಡ ಮೇಲಿನ ಕತೆ ಹೇಳುತ್ತೇನೆ.

ಭೋಸರಿ ಕಡೆ ಒಂದು ಕಾರ್ಖಾನೆ. ಹೆಸರು ಬೇಡ. 22 ಕೆವಿ, 1000 ಕೆವಿಎ, ಸೀಲ್ ಮಾಡಿದ ಟ್ರಾನ್ಸ್‌ಫಾರ್ಮರ್. ಮೇಂಟೆನೆನ್ಸ್ ಗುತ್ತಿಗೆಯಲ್ಲಿ ತಿಂಗಳಿಗೊಮ್ಮೆ ಹೋಗಿ ಚೆಕ್‌ಲಿಸ್ಟ್ ತುಂಬುತ್ತಿದ್ದವನು ನಾನು. ಮೊದಲ ಮಳೆಗಾಲದಲ್ಲೇ ಎರಡು ಸಲ ಬ್ರೇಕರ್ ಬಿತ್ತು. ನೋಡಿದರೆ ಪೆಟ್ಟಿಗೆಯ ಟರ್ಮಿನಲ್ ಬಾಕ್ಸಿನೊಳಗೆ, ವೈರ್ ಜೋಡಿಸುವ ಜಾಗದಲ್ಲಿ, ನೀರು. ಕೇಬಲ್ ಒಳಗೆ ಹೋಗುವ ತೂತು ಮುಚ್ಚುವ ಗ್ಲ್ಯಾಂಡ್ ಸರಿಯಾಗಿ ಬಿಗಿದಿರಲಿಲ್ಲ. ಕೇಬಲ್ ಮೇಲಿನಿಂದ ಇಳಿದು ನೇರ ಒಳಗೆ ಹೋಗಿತ್ತು, ಮಳೆ ನೀರು ಅದರ ಮೇಲೇ ಹರಿದು ಒಳಗೆ ಸೇರಿತ್ತು. ಕೇಬಲ್ ಅನ್ನು ಒಂದು ಬಳಸು ಕೆಳಗೆ ಇಳಿಸಿ ಆಮೇಲೆ ಮೇಲೆ ತಂದಿದ್ದರೆ ನೀರು ಬಳಸಿನ ತುದಿಯಲ್ಲೇ ತೊಟ್ಟಿಕ್ಕುತ್ತಿತ್ತು. ಐದು ನಿಮಿಷದ ಕೆಲಸ. ಒಣಗಿಸಿದೆವು, ಗ್ಲ್ಯಾಂಡ್ ಬದಲಾಯಿಸಲು ಬರೆದುಕೊಟ್ಟೆವು.

ರಾತ್ರಿ ಪಾಳಿಯವರಿಗೆ ಗ್ಲ್ಯಾಂಡ್ ಬರುವ ತನಕ ಕಾಯುವ ವ್ಯವಧಾನ ಇರಲಿಲ್ಲ. ಪ್ಯಾನೆಲಿನಲ್ಲಿ ಗ್ಯಾಸಿನ ಟ್ರಿಪ್ ವೈರ್ ಬಿಚ್ಚಿ, ನೀಟಾಗಿ ಟೇಪ್ ಸುತ್ತಿ ಒಳಗೆ ತಳ್ಳಿದರು. ಬ್ರೇಕರ್ ಬೀಳುವುದು ನಿಂತಿತು. ಎಲ್ಲರಿಗೂ ಖುಷಿ. ರಿಪೇರಿ ಆಯ್ತು ಅಂದುಕೊಂಡರು.

ಇನ್ನು ನನ್ನ ಪಾಲು. ಪೆಟ್ಟಿಗೆ ಕೂರಿಸುವಾಗ ಅದರ ಕಿಟಕಿ, ಗುಂಡು ಕಾಣುವ ಬದಿ, ಗೋಡೆ ಕಡೆಗೆ ಬಂದಿತ್ತು. ಗೋಡೆಗೂ ಟ್ಯಾಂಕಿಗೂ ನಡುವೆ ಒಬ್ಬ ಅಡ್ಡಡ್ಡ ನುಸುಳುವಷ್ಟು ಜಾಗ. ಡಯಲ್ ಮಾತ್ರ ಈ ಕಡೆಯಿಂದ ಓರೆಯಾಗಿ ಕಾಣುತ್ತಿತ್ತು. ನಾನು ಡಯಲ್ ನೋಡುತ್ತಿದ್ದೆ. 62, 65, 58. ಬರೆಯುತ್ತಿದ್ದೆ. 'ಗ್ಯಾಸ್ / ಎಣ್ಣೆ ಮಟ್ಟ' ಅನ್ನುವ ಸಾಲಿನ ಮುಂದೆ ಓಕೆ ಅಂತ ಟಿಕ್ ಹಾಕುತ್ತಿದ್ದೆ. ನೋಡದೆ. ಎಷ್ಟು ತಿಂಗಳು? ಹದಿನಾಲ್ಕು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಎಚ್‌ಟಿ ಕಡೆ ಢಮ್ ಅಂತ ಹೋಯಿತು. ಬಿಚ್ಚಿದಾಗ ಕಂಡದ್ದು: ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆ ಮಾಡುವ ಟ್ಯಾಪ್ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಲೂಸ್ ಆಗಿ, ಕಾದು ಕಾದು ಸುತ್ತ ಇದ್ದಿಲು ಕಟ್ಟಿತ್ತು. ಕಡೆಗೆ ಅಲ್ಲೇ ಕಿಡಿ. ಡಯಲ್ ಯಾಕೆ ಏನೂ ಹೇಳಲಿಲ್ಲ? ಬೆರಳಿನ ತುದಿಯಷ್ಟು ಜಾಗ ಎಷ್ಟೇ ಕಾದರೂ ಸಾವಿರ ಲೀಟರ್ ಎಣ್ಣೆ ಬಿಸಿಯಾಗುವುದಿಲ್ಲ. ಹೇಳಬೇಕಾಗಿದ್ದದ್ದು ಗುಂಡು. ಗುಂಡು ಹೇಳಿತ್ತು. ಪೂರ್ತಿ ಕೆಳಗೆ ಕೂತಿತ್ತು. ಯಾವಾಗಿನಿಂದ ಅಂತ ಆ ಗೋಡೆಗೇ ಗೊತ್ತು. ವೈರ್ ಕೂಡ ಹೇಳುತ್ತಿತ್ತು, ಅದರ ಬಾಯಿಗೆ ಟೇಪ್.

ಇದಾದ ಮೇಲೆ ನಾನು ಎಲ್ಲಿ ಹೋದರೂ ಪೆಟ್ಟಿಗೆಯ ಕಂಪನಿ ಕೇಳುವುದಿಲ್ಲ. ವೈರ್ ಎಲ್ಲಿಗೆ ಹೋಗಿದೆ ಅಂತ ಕೇಳುತ್ತೇನೆ. ಪೆಟ್ಟಿಗೆಯೊಳಗಿನದು ಸಣ್ಣ ಸ್ವಿಚ್ ಅಷ್ಟೇ. ಬ್ರೇಕರ್ ಬೀಳಿಸಲು ಅದಕ್ಕೆ ಕರೆಂಟ್ ಬೇರೆ ಕಡೆಯಿಂದ ಬೇಕು. ಎಷ್ಟೋ ಕಡೆ ಅದಕ್ಕಿಟ್ಟ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ, ಚಾರ್ಜರಿನ ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ. ಇನ್ನು ಕೆಲವರು ಅದೇ ಟ್ರಾನ್ಸ್‌ಫಾರ್ಮರಿನ ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ, ಕಡೆಯಿಂದ 230 ವೋಲ್ಟ್ ತಂದು ಟ್ರಿಪ್ ಕಾಯಿಲಿಗೆ ಕೊಟ್ಟಿರುತ್ತಾರೆ. ಉಳಿದ ದಿನ ಸರಿ. ಟ್ರಾನ್ಸ್‌ಫಾರ್ಮರಿಗೇ ಫಾಲ್ಟ್ ಆದ ದಿನ ಆ ವೋಲ್ಟೇಜ್ ಕುಸಿದಿರುತ್ತದೆ. ಬಾವಿಗೆ ಬಿದ್ದವನ ಕೈಗೇ ಹಗ್ಗ ಕೊಟ್ಟು ಎಳೆದುಕೋ ಅಂದ ಹಾಗೆ. ಪರೀಕ್ಷೆ ಸುಲಭ: ವರ್ಷಕ್ಕೊಮ್ಮೆ ಶಟ್‌ಡೌನ್ ದಿನ, ಪೆಟ್ಟಿಗೆಯ ಟರ್ಮಿನಲ್‌ನಲ್ಲೇ ಎರಡು ತಂತಿ ಮುಟ್ಟಿಸಿ, ಆ ತುದಿಯಲ್ಲಿ ಬ್ರೇಕರ್ ಬೀಳುತ್ತದಾ ನೋಡಿ. ಪ್ಯಾನೆಲಿನ ಗುಂಡಿ ಒತ್ತಿ ನೋಡುವುದಲ್ಲ. ಪೆಟ್ಟಿಗೆಯ ತುದಿಯಿಂದ.

ಆಮೇಲೆ ಪ್ರಶ್ನೆಗಳು ಬಂದವು. ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, 'ಸರ್, ಇದನ್ನೆಲ್ಲ ಮೊಬೈಲ್ ಆ್ಯಪಿಗೆ ತರಬಹುದಲ್ವಾ?' ಅಂದ. ತರಬಹುದು, ತಂದಿದ್ದಾರೆ. ಟೆಂಪರೇಚರಿನ ಏರಿಳಿತ ವಾರಗಟ್ಟಲೆ ನೋಡಲು ಬಹಳ ಒಳ್ಳೆಯದು. ಆದರೆ ಟ್ರಿಪ್ ಮಾತ್ರ ತಾಮ್ರದ ತಂತಿಯಲ್ಲೇ ಹೋಗಲಿ ಅಂದೆ. ರಾತ್ರಿ ಎರಡು ಗಂಟೆಗೆ ನೋಟಿಫಿಕೇಶನ್ ನೋಡಿ ನೀನು ಏಳುತ್ತೀಯಾ? ಅವನು ಪ್ರಾಮಾಣಿಕವಾಗಿ ಇಲ್ಲ ಅಂದ.

ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು, 'ನಮ್ಮ ಬಿಲ್ಡಿಂಗಿನದು ರಾತ್ರಿ ಗುಂಯ್ ಅಂತದ, ಅದು ಕೆಟ್ಟಿದೆಯೇನಪ್ಪಾ?' ಇಲ್ಲ ಅಜ್ಜಿ. ಕೋರಿನ ಕಬ್ಬಿಣ ಸೆಕೆಂಡಿಗೆ ನೂರು ಸಲ ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಅದರ ಸದ್ದು. ಹಗಲೂ ಇರುತ್ತದೆ, ರಸ್ತೆಯ ಗದ್ದಲದಲ್ಲಿ ಕೇಳುವುದಿಲ್ಲ. ಗುಂಯ್ ಅನ್ನುವುದು ಚಟಪಟ ಅಂದರೆ ಆಗ ಫೋನ್ ಮಾಡಿ.

ಚಹಾ ಹೊತ್ತಿಗೆ ಒಬ್ಬರು ಪಕ್ಕಕ್ಕೆ ಕರೆದರು. ಅವರ ಸೊಸೈಟಿಯ ಸೆಕ್ರೆಟರಿ. 'ಕಾಕಾ, ನೀವು ಹೇಳಿದ ಪೆಟ್ಟಿಗೆ ನಮ್ಮಲ್ಲೂ ಅದ, ನೋಡ್ರಿ' ಅಂತ ಮೊಬೈಲಿನಲ್ಲಿ ಫೋಟೋ ತೋರಿಸಿದರು. ದೊಡ್ಡದು ಮಾಡಿ ನೋಡಿದೆ. ಗುಂಡು ಮೇಲೇ ಇತ್ತು. ಎಣ್ಣೆ ಭರ್ತಿ. ಚೊಕ್ಕವಾಗಿತ್ತು. ಫೋಟೋ ತೆಗೆದ ಕೋನ ಮಾತ್ರ ವಿಚಿತ್ರವಾಗಿತ್ತು.

'ಇದನ್ನು ಎಲ್ಲಿಂದ ತೆಗೆದಿರಿ?'

'ಕಾಂಪೌಂಡ್ ಗೋಡೆ ಹತ್ತಿ. ಈ ಕಡೆಯಿಂದ ಕಾಣೂದಿಲ್ರಿ.'

ಬೈದೆ. ಮುಚ್ಚಳದ ಮೇಲೆ ಕರೆಂಟ್ ಒಳಗೆ ಹೋಗುವ ಎಚ್‌ಟಿ ಬುಶಿಂಗ್ ಇದ್ದಾವೆ, ಮುಟ್ಟಬೇಕಂತಿಲ್ಲ, ಹತ್ತಿರ ಹೋದರೂ ಸಾಕು. ಅವರು ಕಿವಿ ಹಿಡಿದುಕೊಂಡರು. ಪೆಟ್ಟಿಗೆ ತಿರುಗಿಸಿ ಕೂರಿಸಬಹುದಾ ಅಂದರು. ಬರುತ್ತದೆ, ಆದರೆ ಶಟ್‌ಡೌನ್ ಬೇಕು, ಬಿಚ್ಚಿದಾಗ ಗಾಳಿ ಸೇರುತ್ತದೆ, ಮತ್ತೆ ಎಣ್ಣೆ ತುಂಬಿ ಗಾಳಿ ಬಿಡಬೇಕು, ತಯಾರಿಸಿದವರ ಜನ ಬಂದರೆ ಒಳ್ಳೆಯದು ಅಂದೆ. ಖರ್ಚು ಕೇಳಿ ಅವರ ಮುಖ ಸಣ್ಣದಾಯಿತು. ಕಮಿಟಿ ಒಪ್ಪುವುದಿಲ್ಲ ಅಂದರು.

ಪಾರ್ಕಿಂಗ್ ತಿರುವಿನಲ್ಲಿ ಹಾಕುತ್ತಾರಲ್ಲ, ದುಂಡು ಕನ್ನಡಿ, ಅದು ನಿಮ್ಮಲ್ಲಿ ಇದೆಯಾ ಅಂತ ಕೇಳಿದೆ. ಎರಡು ಇವೆಯಂತೆ, ಒಂದು ಸುಮ್ನೆ ಸ್ಟೋರ್ ರೂಮಿನಲ್ಲಿ ಬಿದ್ದಿದೆಯಂತೆ. ಮುಂದಿನ ಶಟ್‌ಡೌನ್ ದಿನ ಅದನ್ನು ಆ ಗೋಡೆಗೆ ಹಾಕಿಸಿ ಅಂದೆ.